ಒತ್ತೆ, ಸಂಧಾನ, ಶಸ್ತ್ರ: ಗಾಜನೂರು ಪ್ರಕರಣದ ವಿವೇಚನೆ

ಕನ್ನಡದಲ್ಲಿ ‘ಸಂಧಾನ’ ಎಂಬ ಪದಕ್ಕೆ ಎರಡು ಅರ್ಥಗಳು ರೂಢಿಯಲ್ಲಿವೆ. ಬಿಲ್ಲಿನ ಹೆದೆಗೆ ಬಾಣವನ್ನು ಹೂಡುವುದು ಶರಸಂಧಾನ. ಮುರಿದುಹೋದ ಸಂಬಂಧವನ್ನು ಮಾತಿನ ಮೂಲಕ ಕೂಡಿಸುವುದೂ ಸಂಧಾನವೇ. ಎರಡಕ್ಕೂ ಮೂಲ ‘ಜೋಡಿಸು’ ಎಂಬ ಅರ್ಥ. ವ್ಯಾಕರಣದ ‘ಸಂಧಿ’ಯೂ ಇದೇ ಕುಲಕ್ಕೆ ಸೇರಿದ್ದು. ಒಂದೇ ಪದ ಯುದ್ಧಕ್ಕೂ ಶಾಂತಿಗೂ ಒದಗುವುದು ನಿಘಂಟಿನ ಆಕಸ್ಮಿಕವೆಂದು ತೋರಬಹುದು. ಆದರೆ ಶಸ್ತ್ರ ಹಿಡಿದವರು, ಅಥವಾ ಶಸ್ತ್ರ ಹಿಡಿದವರ ಮಿತ್ರರು, ಒತ್ತೆಯಾಳುಗಳ ಬಿಡುಗಡೆಗಾಗಿ ಮಾತುಕತೆ ನಡೆಸಲು ಮುಂದೆ ಬಂದ ಸಂದರ್ಭಗಳನ್ನು ನೋಡಿದರೆ ಈ ಎರಡು ಅರ್ಥಗಳು ಒಬ್ಬನೇ ವ್ಯಕ್ತಿಯಲ್ಲಿ, ಒಂದೇ ಗಳಿಗೆಯಲ್ಲಿ ಕೂಡಿರುವುದು ಕಾಣುತ್ತದೆ. ಕನ್ನಡ ನಾಡು ಇದನ್ನು ಅತ್ಯಂತ ಹತ್ತಿರದಿಂದ ಕಂಡದ್ದು 2000ನೆಯ ಇಸವಿಯಲ್ಲಿ, ಡಾ. ರಾಜಕುಮಾರ್ ಅವರ ಅಪಹರಣದ 108 ದಿನಗಳಲ್ಲಿ.

ಒತ್ತೆ ಎಂಬ ಪದ

‘ಒತ್ತೆ’ ಎಂದರೆ ಅಡವು. ಸಾಲಕ್ಕೆ ಭದ್ರತೆಯಾಗಿ ಒಡವೆಯನ್ನೋ ಹೊಲವನ್ನೋ ಇಡುವಂತೆ, ಮಾತಿಗೆ ಭದ್ರತೆಯಾಗಿ ಮನುಷ್ಯನನ್ನು ಇಟ್ಟರೆ ಅವನು ಒತ್ತೆಯಾಳು. ಜತ್ತ ತಾಲೂಕಿನ ವಿದ್ಯಾರ್ಥಿಗಳು ಮರಾಠಿ ಪತ್ರಿಕೆಗಳಲ್ಲಿ ಇದಕ್ಕೆ ‘ಓಲೀಸ’ ಎಂಬ ಪದವನ್ನು ಓದಿರುತ್ತಾರೆ. ಪ್ರಾಚೀನ ರಾಜನೀತಿಯಲ್ಲಿ ಒತ್ತೆ ಗುಟ್ಟಿನ ಅಪರಾಧವಾಗಿರಲಿಲ್ಲ, ಒಪ್ಪಂದದ ಅಂಗವಾಗಿತ್ತು. ಕೌಟಿಲ್ಯನ ಅರ್ಥಶಾಸ್ತ್ರದ ಏಳನೆಯ ಅಧಿಕರಣವು ಸಂಧಿಗೆ ಆಧಾರವಾಗಿ ಒತ್ತೆಯಾಳುಗಳನ್ನು ಕೊಡುವ, ಬಿಡಿಸಿಕೊಳ್ಳುವ ಕ್ರಮಗಳನ್ನು ಚರ್ಚಿಸುತ್ತದೆ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನನು ತನ್ನ ಇಬ್ಬರು ಎಳೆಯ ಮಕ್ಕಳನ್ನು ಕಾರ್ನ್‌ವಾಲೀಸನ ವಶಕ್ಕೆ ಒಪ್ಪಿಸಿದ್ದು ಇಂಥ ಒತ್ತೆಗೆ ಕರ್ನಾಟಕದ ಇತಿಹಾಸದಲ್ಲಿರುವ ಪ್ರಸಿದ್ಧ ನಿದರ್ಶನ. ಒಪ್ಪಂದದ ಷರತ್ತುಗಳು ಈಡೇರಿದ ಮೇಲೆ, 1794ರಲ್ಲಿ, ಆ ಮಕ್ಕಳು ಹಿಂದಿರುಗಿದರು.

ಆಧುನಿಕ ಕಾಲದ ಒತ್ತೆ ಇದಕ್ಕೆ ತಿರುಗುಮುರುಗಾದುದು. ಅಲ್ಲಿ ಒಪ್ಪಂದ ಮೊದಲು, ಒತ್ತೆ ಆಮೇಲೆ. ಇಲ್ಲಿ ಒತ್ತೆ ಮೊದಲು, ಒಪ್ಪಂದದ ಬೇಡಿಕೆ ಆಮೇಲೆ. ಅಲ್ಲಿ ಎರಡೂ ಪಕ್ಷಗಳು ಪರಸ್ಪರರನ್ನು ದೊರೆಗಳೆಂದು ಒಪ್ಪಿಕೊಂಡಿರುತ್ತಿದ್ದವು. ಇಲ್ಲಿ ಒಂದು ಪಕ್ಷ ಪ್ರಭುತ್ವ, ಇನ್ನೊಂದು ಆ ಪ್ರಭುತ್ವದ ಕಾನೂನನ್ನು ಧಿಕ್ಕರಿಸಿದ ಗುಂಪು. ನೇರವಾಗಿ ಮಾತನಾಡಿದರೆ ಪ್ರಭುತ್ವವು ಆ ಗುಂಪನ್ನು ಸಮಾನವೆಂದು ಒಪ್ಪಿಕೊಂಡಂತಾಗುತ್ತದೆ. ಮಾತನಾಡದಿದ್ದರೆ ಒತ್ತೆಯಾಳಿನ ಪ್ರಾಣ ಹೋಗಬಹುದು. ಈ ಇಕ್ಕಟ್ಟಿನಿಂದಲೇ ಮೂರನೆಯವನ ಅಗತ್ಯ ಹುಟ್ಟುತ್ತದೆ.

ಗಾಜನೂರಿನ ರಾತ್ರಿ

ದೊಡ್ಡಗಾಜನೂರು ತಮಿಳುನಾಡಿನ ಈರೋಡ್ ಜಿಲ್ಲೆಯ ತಾಳವಾಡಿ ಭಾಗದಲ್ಲಿರುವ ಊರು. ಜನರ ಮಾತು ಕನ್ನಡ, ಆಡಳಿತ ತಮಿಳುನಾಡಿನದು. ಆಡಳಿತ ಒಂದು ಭಾಷೆಯದು, ಮನೆಮಾತು ಇನ್ನೊಂದು ಎಂಬ ಸ್ಥಿತಿ ಜತ್ತದ ಓದುಗರಿಗೆ ಹೊಸದಲ್ಲ. 2000ನೆಯ ಜುಲೈ 30ರ ರಾತ್ರಿ ಈ ಊರಿನ ತಮ್ಮ ತೋಟದ ಮನೆಯಲ್ಲಿದ್ದ ರಾಜಕುಮಾರ್ ಅವರನ್ನು ವೀರಪ್ಪನ್ ಮತ್ತು ಅವನ ಸಂಗಡಿಗರು ಕಾಡಿಗೆ ಕರೆದೊಯ್ದರು. ಅವರೊಂದಿಗೆ ಅಳಿಯ ಗೋವಿಂದರಾಜು, ಬಂಧು ನಾಗೇಶ್ ಹಾಗೂ ಸಹಾಯಕ ನಿರ್ದೇಶಕ ನಾಗಪ್ಪ ಅವರನ್ನೂ ಒಯ್ಯಲಾಯಿತು.

ವೀರಪ್ಪನ್‌ಗೆ ಅಪಹರಣ ಹೊಸ ವಿದ್ಯೆಯಾಗಿರಲಿಲ್ಲ. 1997ರಲ್ಲಿ ಅವನು ಕರ್ನಾಟಕದ ಅರಣ್ಯ ಸಿಬ್ಬಂದಿಯನ್ನು ಒತ್ತೆಯಾಗಿ ಹಿಡಿದಿದ್ದನು. ಅದೇ ವರ್ಷ ಬಂಡೀಪುರದಿಂದ ವನ್ಯಜೀವಿ ಛಾಯಾಗ್ರಾಹಕರಾದ ಕೃಪಾಕರ ಮತ್ತು ಸೇನಾನಿ ಅವರನ್ನು ಒಯ್ದು 14 ದಿನ ತನ್ನೊಂದಿಗೆ ಇರಿಸಿಕೊಂಡಿದ್ದನು. ಆಗಿನ ಬೇಡಿಕೆಗಳು ಮುಖ್ಯವಾಗಿ ಅವನ ಸ್ವಂತದವು: ಕ್ಷಮಾದಾನ, ಹಣ, ಸಂಗಡಿಗರ ರಕ್ಷಣೆ. 2000ದಲ್ಲಿ ಮಾತ್ರ ಬೇಡಿಕೆಗಳ ಸ್ವರೂಪವೇ ಬದಲಾಯಿತು.

ಹತ್ತು ಬೇಡಿಕೆಗಳು, ಎರಡು ಸಂಘಟನೆಗಳು

ಕಾಡಿನಿಂದ ಬಂದ ಹತ್ತು ಬೇಡಿಕೆಗಳ ಪಟ್ಟಿಯಲ್ಲಿ ಕಾವೇರಿ ನೀರಿನ ಪ್ರಶ್ನೆಯಿತ್ತು. ಕರ್ನಾಟಕದಲ್ಲಿ ತಮಿಳನ್ನು ಹೆಚ್ಚುವರಿ ಆಡಳಿತ ಭಾಷೆಯಾಗಿಸಬೇಕೆಂಬ ಒತ್ತಾಯವಿತ್ತು. ಬೆಂಗಳೂರಿನಲ್ಲಿ ಮುಸುಕು ಹೊದ್ದು ನಿಂತಿದ್ದ ತಿರುವಳ್ಳುವರ್ ಪ್ರತಿಮೆಯ ಅನಾವರಣ, 1991ರ ಕಾವೇರಿ ಗಲಭೆಯ ಸಂತ್ರಸ್ತರಿಗೆ ಪರಿಹಾರ, ವಿಶೇಷ ಕಾರ್ಯಪಡೆಯ ದೌರ್ಜನ್ಯಗಳ ವಿಚಾರಣೆ, ಮೈಸೂರು ಸೆರೆಮನೆಯಲ್ಲಿದ್ದ ಟಾಡಾ ಬಂಧಿತರ ಬಿಡುಗಡೆ, ತಮಿಳುನಾಡಿನ ಸೆರೆಮನೆಗಳಲ್ಲಿದ್ದ ಐವರು ಉಗ್ರಗಾಮಿ ಕೈದಿಗಳ ಬಿಡುಗಡೆ, ತೋಟ ಕಾರ್ಮಿಕರ ಕೂಲಿ, ಚಹಾ ಎಲೆಯ ಬೆಲೆ ಮೊದಲಾದವು ಇದ್ದವು. ದಂತ ಮತ್ತು ಶ್ರೀಗಂಧದ ಕಳ್ಳಸಾಗಣೆಯಿಂದ ಬೆಳೆದವನ ಪಟ್ಟಿ ಇದಲ್ಲವೆಂಬುದು ಓದಿದ ಕೂಡಲೇ ತಿಳಿಯುತ್ತಿತ್ತು.

ಈ ಬದಲಾವಣೆಯ ಹಿಂದೆ ತಮಿಳುನಾಡು ವಿಮೋಚನಾ ಸೇನೆ ಮತ್ತು ಅದರ ಸೋದರ ಸಂಘಟನೆಯಾದ ತಮಿಳು ರಾಷ್ಟ್ರೀಯ ಮರುವಶ ಪಡೆ ಇದ್ದವು. ವಿಮೋಚನಾ ಸೇನೆಯ ಸ್ಥಾಪಕ ತಮಿಳರಸನ್ 1987ರಲ್ಲಿ ಬ್ಯಾಂಕ್ ದರೋಡೆಯ ಸಂದರ್ಭದಲ್ಲಿ ಜನರ ಕೈಯಲ್ಲಿ ಹತನಾದ ಮೇಲೆ ಈ ಗುಂಪುಗಳು ಚದುರಿ, ಶಕ್ತಿಗುಂದಿದ್ದವು. ಅವುಗಳಿಗೆ ಕಾಡು ಬೇಕಾಗಿತ್ತು, ವೀರಪ್ಪನ್‌ಗೆ ಧ್ಯೇಯದ ಹೊದಿಕೆ ಬೇಕಾಗಿತ್ತು. ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬಿದರು. ದರೋಡೆಕೋರನೊಬ್ಬನು ತಮಿಳರ ಹಿತರಕ್ಷಕನಂತೆ ಮಾತನಾಡತೊಡಗಿದನು.

ಒತ್ತೆಯಾಳಿನ ಆಯ್ಕೆಯೂ ಈ ಉದ್ದೇಶಕ್ಕೆ ಹೊಂದುವಂತಿತ್ತು. ರಾಜಕುಮಾರ್ ಕೇವಲ ಜನಪ್ರಿಯ ನಟರಾಗಿರಲಿಲ್ಲ. 1982ರ ಗೋಕಾಕ್ ಚಳವಳಿಯಲ್ಲಿ ಊರೂರು ತಿರುಗಿದ ಮೇಲೆ ಅವರು ಕನ್ನಡ ಭಾಷೆಯ ಅಭಿಮಾನಕ್ಕೆ ಮೂರ್ತರೂಪವಾಗಿದ್ದರು. ಅವರಿಗೆ ಅಪಾಯವಾದರೆ ಬೆಂಗಳೂರಿನ ತಮಿಳರ ಮೇಲೆ ಪ್ರತೀಕಾರ ನಡೆಯಬಹುದೆಂಬ ಭಯ ಎರಡೂ ಸರ್ಕಾರಗಳನ್ನು ಕಾಡುತ್ತಿತ್ತು. ಕಾಡಿನಲ್ಲಿ ಒತ್ತೆಯಾದವರು ನಾಲ್ವರು. ನಾಡಿನಲ್ಲಿ ಒತ್ತೆಯಾದದ್ದು ಎರಡು ಭಾಷೆಗಳ ನೆರೆಹೊರೆಯ ಬದುಕು.

ಸಂಧಾನಕಾರರು ಯಾರು

ಕರ್ನಾಟಕದ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಮತ್ತು ತಮಿಳುನಾಡಿನ ಮುಖ್ಯಮಂತ್ರಿ ಎಂ. ಕರುಣಾನಿಧಿ ಕೂಡಿ ಮೊದಲು ಕಳುಹಿಸಿದ್ದು ‘ನಕ್ಕೀರನ್’ ಎಂಬ ತಮಿಳು ಪತ್ರಿಕೆಯ ಸಂಪಾದಕ ಆರ್. ಗೋಪಾಲ್ ಅವರನ್ನು. ಅವರು ಹಿಂದೆಯೇ ವೀರಪ್ಪನ್‌ನನ್ನು ಕಂಡು ಸಂದರ್ಶಿಸಿದ್ದರು. 1997ರ ಅರಣ್ಯ ಸಿಬ್ಬಂದಿಯ ಬಿಡುಗಡೆಯಲ್ಲಿಯೂ ಪಾತ್ರ ವಹಿಸಿದ್ದರು. ಗೋಪಾಲ್ ಹಲವು ಬಾರಿ ಕಾಡಿಗೆ ಹೋಗಿಬಂದರೂ ಬಿಡುಗಡೆ ಕೈಗೂಡಲಿಲ್ಲ. ಸೆಪ್ಟೆಂಬರ್ ಕೊನೆಯಲ್ಲಿ ನಾಗಪ್ಪ ತಪ್ಪಿಸಿಕೊಂಡು ಬಂದ ಮೇಲೆ ಪರಿಸ್ಥಿತಿ ಇನ್ನಷ್ಟು ಬಿಗಡಾಯಿಸಿತು.

ಆಗ ಮುಂದೆ ಬಂದವರು ತಮಿಳು ರಾಷ್ಟ್ರೀಯ ಚಳವಳಿಯ ನಾಯಕ ಪಳ. ನೆಡುಮಾರನ್. ಅವರು ಬಂದೂಕು ಹಿಡಿದವರಲ್ಲ. ಹಳೆಯ ಕಾಂಗ್ರೆಸ್ಸಿನಿಂದ ಬಂದ ರಾಜಕಾರಣಿ. ಆದರೆ ಶ್ರೀಲಂಕಾದ ಎಲ್‌ಟಿಟಿಇಯನ್ನು ಬಹಿರಂಗವಾಗಿ ಬೆಂಬಲಿಸುತ್ತಿದ್ದವರು. ಮಾನವ ಹಕ್ಕುಗಳ ಹೋರಾಟಗಾರರಾದ ಪ್ರೊ. ಕಲ್ಯಾಣಿ ಮತ್ತು ಪುದುಚೇರಿಯ ಸುಕುಮಾರನ್ ಅವರ ಜೊತೆಗಿದ್ದರು. ಅಕ್ಟೋಬರಿನಲ್ಲಿ ಈ ತಂಡ ಕಾಡಿಗೆ ಹೋಗಿ ಗೋವಿಂದರಾಜು ಅವರೊಂದಿಗೆ ಹಿಂದಿರುಗಿತು. ನವೆಂಬರ್ 15ರಂದು ರಾಜಕುಮಾರ್ ಮತ್ತು ನಾಗೇಶ್ ಬಿಡುಗಡೆಯಾದರು.

ಪತ್ರಕರ್ತನಿಗೆ ಆಗದ ಕಾರ್ಯ ನೆಡುಮಾರನ್ ಅವರಿಗೆ ಏಕೆ ಸಾಧ್ಯವಾಯಿತು? ಇದನ್ನು ತಿಳಿಯಲು ‘ದೂತ’, ‘ಮಧ್ಯಸ್ಥ’ ಎಂಬ ಎರಡು ಪದಗಳ ಅಂತರವನ್ನು ಗಮನಿಸಬೇಕು. ದೂತ ಒಂದು ಪಕ್ಷದ ಮಾತನ್ನು ಇನ್ನೊಂದು ಪಕ್ಷಕ್ಕೆ ಮುಟ್ಟಿಸುವವನು. ಅವನ ಮಾತಿಗೆ ಕಳುಹಿಸಿದವನ ತೂಕವಷ್ಟೇ ಇರುತ್ತದೆ. ಮಧ್ಯಸ್ಥನ ಮಾತಿಗೆ ಅವನದೇ ತೂಕವಿರುತ್ತದೆ. ಗೋಪಾಲ್ ಅವರಿಗೆ ವೀರಪ್ಪನ್‌ನ ಪರಿಚಯವಿತ್ತು. ಆದರೆ ಕಾಡಿನಲ್ಲಿ ಬೇಡಿಕೆಗಳನ್ನು ಬರೆಯಿಸುತ್ತಿದ್ದ ಸಂಘಟನೆಗಳ ದೃಷ್ಟಿಯಲ್ಲಿ ಅವರು ಸರ್ಕಾರ ಕಳುಹಿಸಿದ ಪತ್ರಕರ್ತರು. ನೆಡುಮಾರನ್ ಆ ಸಂಘಟನೆಗಳ ಕಣ್ಣಿನಲ್ಲಿ ಹಿರಿಯರು, ತಮ್ಮ ಧ್ಯೇಯಕ್ಕೆ ಸಮೀಪದವರು. ಬಿಡುಗಡೆ ಮಾಡಿದರೆ ಅದು ಸರ್ಕಾರಕ್ಕೆ ಶರಣಾದಂತಲ್ಲ, ಹಿರಿಯರ ಮಾತಿಗೆ ಬೆಲೆ ಕೊಟ್ಟಂತೆ ಎಂದು ಹೇಳಿಕೊಳ್ಳುವ ಅವಕಾಶ ಅವರಿಂದ ದೊರೆಯಿತು. ಬೇಡಿಕೆಗಳು ಈಡೇರದೆಯೂ ಮಾನ ಉಳಿಸಿಕೊಳ್ಳುವ ಬಾಗಿಲು ಅದು.

ಇದರೊಂದಿಗೆ ಮತ್ತೊಂದು ಮಾತೂ ಇದೆ. ಬಿಡುಗಡೆಗಾಗಿ ದೊಡ್ಡ ಮೊತ್ತದ ಹಣ ಸಂದಾಯವಾಯಿತೆಂದು ಆಗ ಕರ್ನಾಟಕದ ಪೊಲೀಸ್ ಮಹಾನಿರ್ದೇಶಕರಾಗಿದ್ದ ಸಿ. ದಿನಕರ್ ನಿವೃತ್ತಿಯ ನಂತರ ಬರೆದ ಪುಸ್ತಕದಲ್ಲಿ ಆರೋಪಿಸಿದರು. ಸರ್ಕಾರ ಅದನ್ನು ನಿರಾಕರಿಸಿತು. ಸಂಧಾನ ಮರೆಯಲ್ಲಿ ನಡೆದಾಗ ಇಂಥ ಆರೋಪ ಹುಟ್ಟದಿರುವುದಿಲ್ಲ, ಒಮ್ಮೆ ಹುಟ್ಟಿದ ಮೇಲೆ ಸಾಯುವುದೂ ಇಲ್ಲ. ಅದೂ ಸಂಧಾನದ ಬೆಲೆಯ ಒಂದು ಭಾಗ.

ಸರ್ವೋಚ್ಚ ನ್ಯಾಯಾಲಯದ ತಡೆ

ಮಾತುಕತೆ ನಡೆಯುತ್ತಿದ್ದಾಗಲೇ ಕರ್ನಾಟಕ ಸರ್ಕಾರ ಮೈಸೂರು ಸೆರೆಮನೆಯಲ್ಲಿದ್ದ 51 ಟಾಡಾ ಬಂಧಿತರ ಮೇಲಿನ ಆರೋಪಗಳನ್ನು ಹಿಂತೆಗೆದುಕೊಳ್ಳಲು ಮುಂದಾಯಿತು. ಮೈಸೂರಿನ ವಿಶೇಷ ನ್ಯಾಯಾಲಯ ಅದಕ್ಕೆ ಸಮ್ಮತಿಯನ್ನೂ ನೀಡಿತು. ಇದನ್ನು ಸರ್ವೋಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿದವರು ಒಬ್ಬ ವೃದ್ಧ ತಂದೆ. 1992ರ ಆಗಸ್ಟ್ 14ರಂದು ಮೀಣ್ಯಂ ಬಳಿ ವೀರಪ್ಪನ್ ತಂಡದ ಹೊಂಚುದಾಳಿಯಲ್ಲಿ ಪೊಲೀಸ್ ವರಿಷ್ಠಾಧಿಕಾರಿ ಹರಿಕೃಷ್ಣ ಅವರೊಂದಿಗೆ ಮಡಿದ ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಅವರ ತಂದೆ ಅವರು. ‘ಅಬ್ದುಲ್ ಕರೀಂ ವಿರುದ್ಧ ಕರ್ನಾಟಕ ರಾಜ್ಯ’ ಎಂದು ಆ ಪ್ರಕರಣ ಕಾನೂನಿನ ಇತಿಹಾಸದಲ್ಲಿ ಉಳಿದಿದೆ.

2000ನೆಯ ನವೆಂಬರ್ 7ರಂದು ಸರ್ವೋಚ್ಚ ನ್ಯಾಯಾಲಯವು ಆರೋಪ ಹಿಂತೆಗೆತವನ್ನು ರದ್ದುಗೊಳಿಸಿತು. ಮೊಕದ್ದಮೆಯನ್ನು ಹಿಂತೆಗೆಯುವ ಅಧಿಕಾರ ಕಾನೂನಿನಲ್ಲಿ ಉಂಟು. ಆದರೆ ಸರ್ಕಾರಿ ಅಭಿಯೋಜಕನು ಸರ್ಕಾರದ ಅಪ್ಪಣೆಯನ್ನು ಒಪ್ಪಿಸುವ ಕೈಯಾಗಿರದೆ, ಸ್ವತಃ ವಿವೇಚಿಸಿ ಅದು ಸಾರ್ವಜನಿಕ ಹಿತಕ್ಕೆ ಅನುಗುಣವೆಂದು ಮನಗಾಣಬೇಕು. ಸಮ್ಮತಿ ನೀಡುವ ನ್ಯಾಯಾಧೀಶನೂ ಅದನ್ನು ಪರಿಶೀಲಿಸಬೇಕು. ಇಲ್ಲಿ ಆ ವಿವೇಚನೆ ನಡೆದಿರಲಿಲ್ಲವೆಂಬುದು ತೀರ್ಪಿನ ಸಾರ.

ತೀರ್ಪು ಬಂದ ಎಂಟನೆಯ ದಿನ ರಾಜಕುಮಾರ್ ಬಿಡುಗಡೆಯಾದರು. ಬಂಧಿತರನ್ನು ಬಿಡದಿದ್ದರೆ ಒತ್ತೆಯಾಳಿನ ಗತಿ ಏನಾದೀತೋ ಎಂಬ ಆತಂಕದಲ್ಲಿ ನಾಡು ಮುಳುಗಿತ್ತು. ಬಂಧಿತರು ಸೆರೆಯಲ್ಲೇ ಉಳಿದರು. ಆದರೂ ಬಿಡುಗಡೆ ನಡೆಯಿತು. ಪ್ರಭುತ್ವ ಕೊಡಲು ಸಿದ್ಧವಾದುದಕ್ಕಿಂತ ಕಡಿಮೆ ಬೆಲೆಗೆ ಒತ್ತೆಯಾಳು ದೊರೆಯುವ ಸಾಧ್ಯತೆ ಇರುತ್ತದೆಂಬುದಕ್ಕೆ ಇದು ಸಾಕ್ಷಿ. ಆದರೆ ಅದು ಮುಂಚಿತವಾಗಿ ಯಾರಿಗೂ ತಿಳಿದಿರಲಿಲ್ಲ. ಪ್ರಾಣದ ಪ್ರಶ್ನೆ ಎದುರಾದಾಗ ಮೃದುವಾದ ಸರ್ಕಾರವನ್ನು ಹೇಡಿಯೆಂದು ಹಳಿಯುವುದು ಇಂದು ಸುಲಭ. ಆ ನೂರೆಂಟು ದಿನಗಳಲ್ಲಿ ಸುಲಭವಾಗಿರಲಿಲ್ಲ.

ಕಂದಹಾರ್ ಮತ್ತು ಗಾಜಾ

ಗಾಜನೂರು ಪ್ರಕರಣದಲ್ಲಿ ಸಂಧಾನಕಾರರು ಉಗ್ರಗಾಮಿಗಳ ಸ್ನೇಹವಲಯದವರು. ಸ್ವತಃ ಸಶಸ್ತ್ರ ಸಂಘಟನೆಯೇ ಮಧ್ಯಸ್ಥಿಕೆ ವಹಿಸಿದ ನಿದರ್ಶನಗಳನ್ನು ಇದರೊಂದಿಗೆ ಇಟ್ಟು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ.

ಗಾಜನೂರಿಗೆ ಏಳು ತಿಂಗಳು ಮೊದಲು, 1999ರ ಡಿಸೆಂಬರ್ 24ರಂದು, ಕಠ್ಮಂಡುವಿನಿಂದ ದೆಹಲಿಗೆ ಹೊರಟಿದ್ದ ಇಂಡಿಯನ್ ಏರ್‌ಲೈನ್ಸಿನ ಐಸಿ 814 ವಿಮಾನವನ್ನು ಅಪಹರಿಸಿ, ಅಮೃತಸರ, ಲಾಹೋರ್, ದುಬೈಗಳ ಮೂಲಕ ಅಫ್ಘಾನಿಸ್ತಾನದ ಕಂದಹಾರಕ್ಕೆ ಒಯ್ಯಲಾಯಿತು. ಅಲ್ಲಿ ಆಳುತ್ತಿದ್ದುದು ತಾಲಿಬಾನ್. ಭಾರತ ಅದನ್ನು ಸರ್ಕಾರವೆಂದು ಮಾನ್ಯ ಮಾಡಿರಲಿಲ್ಲ. ಆದರೂ ಭಾರತದ ಅಧಿಕಾರಿಗಳು ತಾಲಿಬಾನ್ ಮೂಲಕವೇ ಅಪಹರಣಕಾರರೊಡನೆ ವ್ಯವಹರಿಸಬೇಕಾಯಿತು. ತಾಲಿಬಾನಿನ ನಡೆಗೆ ಎರಡು ಮುಖಗಳಿದ್ದವು. ಅಪಹರಣಕಾರರು ಕೇಳಿದ್ದ 20 ಕೋಟಿ ಡಾಲರ್ ಹಣ ಮತ್ತು ಸತ್ತ ಉಗ್ರನೊಬ್ಬನ ಶವ, ಈ ಎರಡು ಬೇಡಿಕೆಗಳು ಇಸ್ಲಾಮಿಗೆ ಹೊಂದುವುದಿಲ್ಲವೆಂದು ಹೇಳಿ ಅವನ್ನು ಕೈಬಿಡುವಂತೆ ಮಾಡಿದ್ದು ಒಂದು. ತನ್ನ ಸಶಸ್ತ್ರ ಪಡೆಯನ್ನು ವಿಮಾನದ ಸುತ್ತ ನಿಲ್ಲಿಸಿ, ಭಾರತದ ಕಮಾಂಡೊ ಕಾರ್ಯಾಚರಣೆಗೆ ದಾರಿಯಿಲ್ಲದಂತೆ ಮಾಡಿದ್ದು ಇನ್ನೊಂದು. ಡಿಸೆಂಬರ್ 31ರಂದು ಮಸೂದ್ ಅಜರ್ ಸೇರಿ ಮೂವರು ಕೈದಿಗಳನ್ನು ಒಪ್ಪಿಸಿ ಪ್ರಯಾಣಿಕರನ್ನು ಬಿಡಿಸಿಕೊಳ್ಳಲಾಯಿತು. ಮರುವರ್ಷವೇ ಮಸೂದ್ ಅಜರ್ ಜೈಷ್ ಎ ಮೊಹಮ್ಮದ್ ಸಂಘಟನೆಯನ್ನು ಕಟ್ಟಿದನು. ಬೇಡಿಕೆಯನ್ನು ಕುಗ್ಗಿಸಿದ ಮಧ್ಯಸ್ಥನೇ ಬಲಪ್ರಯೋಗದ ದಾರಿಯನ್ನೂ ಮುಚ್ಚಿದ್ದನು.

2007ರ ಮಾರ್ಚ್ 12ರಂದು ಗಾಜಾ ಪಟ್ಟಣದಲ್ಲಿ ಬಿಬಿಸಿಯ ವರದಿಗಾರ ಅಲನ್ ಜಾನ್‌ಸ್ಟನ್ ಅವರನ್ನು ‘ಇಸ್ಲಾಂ ಸೇನೆ’ ಎಂಬ ಸಣ್ಣ ಗುಂಪು ಅಪಹರಿಸಿತು. ಜೂನ್ ತಿಂಗಳಲ್ಲಿ ಗಾಜಾದ ಆಡಳಿತವನ್ನು ಪೂರ್ತಿಯಾಗಿ ಕೈವಶ ಮಾಡಿಕೊಂಡ ಹಮಾಸ್, ಆ ಗುಂಪಿನ ಕೆಲವರನ್ನು ಹಿಡಿದು, ಅದರ ನೆಲೆಯನ್ನು ಸುತ್ತುವರಿದು, ಮಾತಿನಿಂದಲೂ ಬಲದಿಂದಲೂ ಒತ್ತಡ ಹೇರಿತು. ಜುಲೈ 4ರಂದು ವರದಿಗಾರ ಬಿಡುಗಡೆಯಾದರು. ಕೆಲವೇ ಗಂಟೆಗಳಲ್ಲಿ ಹಮಾಸ್ ನಾಯಕ ಇಸ್ಮಾಯಿಲ್ ಹನಿಯೆ ಅವರ ಪಕ್ಕದಲ್ಲಿ ಕುಳಿತ ಅವರ ಚಿತ್ರ ಲೋಕದೆಲ್ಲೆಡೆ ಪ್ರಸಾರವಾಯಿತು. ಇಸ್ರೇಲಿ ಯೋಧ ಗಿಲಾದ್ ಶಾಲಿತ್ ಆಗ ಹಮಾಸಿನ ಸೆರೆಯಲ್ಲಿಯೇ ಇದ್ದನು. ಒಬ್ಬನನ್ನು ಬಿಡಿಸಿದ ಕೈ ಇನ್ನೊಬ್ಬನನ್ನು ಹಿಡಿದಿಟ್ಟುಕೊಂಡಿತ್ತು.

ಮಧ್ಯಸ್ಥಿಕೆಯ ನಾಲ್ಕು ಆಧಾರಗಳು

ಈ ಮೂರು ಪ್ರಕರಣಗಳಿಂದ ಇಂಥ ಮಧ್ಯಸ್ಥಿಕೆಯ ಆಧಾರಗಳನ್ನು ಹೀಗೆ ಗುರುತಿಸಬಹುದು.

ಮೊದಲನೆಯದು ದಾರಿ. ಸರ್ಕಾರಕ್ಕೆ ತಲುಪಲಾಗದ ಅಡಗುದಾಣ ಅವರಿಗೆ ತಲುಪುತ್ತದೆ.

ಎರಡನೆಯದು ನಂಬಿಕೆ. ಮಾತು ಬಲೆಯಲ್ಲ ಎಂದು ಅಪಹರಣಕಾರ ನಂಬಬೇಕಾದರೆ, ಹೇಳುವವನು ಅವನಿಗೆ ಸ್ವಲ್ಪವಾದರೂ ತನ್ನವನಾಗಿರಬೇಕು.

ಮೂರನೆಯದು ಒತ್ತಡ. ಕಂದಹಾರದಲ್ಲಿ ಧರ್ಮದ ಮಾತು, ಗಾಜಾದಲ್ಲಿ ಬಂದೂಕು, ಗಾಜನೂರಿನಲ್ಲಿ ಹಿರಿತನ ಒತ್ತಡದ ಸಾಧನಗಳಾದವು.

ನಾಲ್ಕನೆಯದು ಸ್ವಾರ್ಥ. ಲೋಕಮನ್ನಣೆಗಾಗಿ ಹಾತೊರೆಯುವ ಸಂಘಟನೆಗೆ ಒತ್ತೆಯಾಳಿನ ಬಿಡುಗಡೆ ಹಣಕ್ಕಿಂತ ಮಿಗಿಲಾದ ಗಳಿಕೆ.

ಗಮನಿಸಬೇಕಾದ ಅಂಶವೆಂದರೆ, ಮೊದಲ ಮೂರು ಗುಣಗಳು ಯಾವ ಮೂಲದಿಂದ ಬರುತ್ತವೆಯೋ ಸಂಶಯವೂ ಅದೇ ಮೂಲದಿಂದ ಬರುತ್ತದೆ. ಕಾಡಿನ ದಾರಿ ಬಲ್ಲವನು ಆ ದಾರಿಯನ್ನು ಹೇಗೆ ಬಲ್ಲನು ಎಂಬ ಪ್ರಶ್ನೆ ಏಳುತ್ತದೆ. ಸಂಶಯಕ್ಕೆ ಎಡೆಯೇ ಇಲ್ಲದ ವ್ಯಕ್ತಿ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಉಪಯೋಗಕ್ಕೆ ಬರುವ ವ್ಯಕ್ತಿ ಸಂಶಯದಿಂದ ಪಾರಾಗುವುದಿಲ್ಲ. ಕುಮಾರವ್ಯಾಸ ಭಾರತದ ಉದ್ಯೋಗಪರ್ವವನ್ನು ಓದಿದವರಿಗೆ ಇದು ಅಪರಿಚಿತವಲ್ಲ. ಕೃಷ್ಣ ಪಾಂಡವರ ಪಕ್ಷದವನೆಂದು ಬಲ್ಲ ದುರ್ಯೋಧನ, ಸಂಧಾನಕ್ಕೆ ಬಂದವನನ್ನೇ ಕಟ್ಟಿಹಾಕಲು ಯೋಚಿಸುತ್ತಾನೆ.

ಬಾಗಿಲು ಮುಚ್ಚಿದ ಮೇಲೆ

ರಾಜಕುಮಾರ್ ಬಿಡುಗಡೆಯಾದ ಎರಡೇ ವರ್ಷಗಳಲ್ಲಿ ಈ ಮಾತಿಗೆ ಕಹಿ ನಿದರ್ಶನ ದೊರೆಯಿತು. 2002ರ ಜುಲೈನಲ್ಲಿ ಕೇಂದ್ರ ಸರ್ಕಾರ ತಮಿಳುನಾಡು ವಿಮೋಚನಾ ಸೇನೆ ಮತ್ತು ಮರುವಶ ಪಡೆಗಳನ್ನು ಪೋಟಾ ಕಾಯ್ದೆಯ ನಿಷೇಧಿತ ಪಟ್ಟಿಗೆ ಸೇರಿಸಿತು. ಆಗಸ್ಟ್ ಆರಂಭದಲ್ಲಿ, ಎಲ್‌ಟಿಟಿಇಯನ್ನು ಬೆಂಬಲಿಸಿ ಮಾತನಾಡಿದರೆಂಬ ಆರೋಪದ ಮೇಲೆ, ತಮಿಳುನಾಡಿನ ಜಯಲಲಿತಾ ಸರ್ಕಾರ ನೆಡುಮಾರನ್ ಅವರನ್ನು ಅದೇ ಕಾಯ್ದೆಯಡಿ ಬಂಧಿಸಿತು. ಮರುವರ್ಷ ನಕ್ಕೀರನ್ ಗೋಪಾಲ್ ಅವರೂ ಅದೇ ಕಾಯ್ದೆಯಡಿ ಸೆರೆಮನೆ ಸೇರಿದರು.

ಈ ನಡುವೆ 2002ರ ಆಗಸ್ಟ್ 25ರಂದು ವೀರಪ್ಪನ್ ಕೊಳ್ಳೇಗಾಲ ತಾಲೂಕಿನ ಕಾಮಗೆರೆಯಿಂದ ಮಾಜಿ ಸಚಿವ ಎಚ್. ನಾಗಪ್ಪ ಅವರನ್ನು ಅಪಹರಿಸಿದನು. ಸಂಧಾನಕ್ಕೆ ಅವನು ಬಯಸಿದ ಕೊಳತ್ತೂರು ಮಣಿ ಆ ಹೊತ್ತಿಗೆ ಸೆರೆಯಲ್ಲಿದ್ದರು. ಜಾಮೀನು, ಅನುಮತಿ, ಎರಡು ರಾಜ್ಯಗಳ ಹಗ್ಗಜಗ್ಗಾಟಗಳಲ್ಲಿ ದಿನಗಳು ಉರುಳಿದವು. ಡಿಸೆಂಬರ್ 8ರಂದು ಚಂಗಡಿ ಕಾಡಿನಲ್ಲಿ ನಾಗಪ್ಪ ಅವರ ಶವ ದೊರೆಯಿತು. ಅವರು ಜಗದ್ವಿಖ್ಯಾತ ನಟರಾಗಿರಲಿಲ್ಲ. ಅವರಿಗಾಗಿ ನಾಡು ಸ್ತಬ್ಧವಾಗಲಿಲ್ಲ. ಸಂಧಾನಕಾರರನ್ನು ಬಂಧಿಸಿದ್ದೇ ಸಾವಿಗೆ ಕಾರಣವೆಂದು ಹೇಳುವುದು ಸರಿಯಾಗದು. ಆದರೆ ಎರಡು ವರ್ಷಗಳ ಹಿಂದೆ ಸರ್ಕಾರವೇ ಬಳಸಿದ್ದ ಬಾಗಿಲು ಈ ಬಾರಿ ಮುಚ್ಚಿತ್ತೆಂಬುದು ಸತ್ಯ. 2004ರ ಅಕ್ಟೋಬರ್ 18ರಂದು ತಮಿಳುನಾಡಿನ ವಿಶೇಷ ಕಾರ್ಯಪಡೆ ಧರ್ಮಪುರಿ ಜಿಲ್ಲೆಯ ಪಾಪಾರಪಟ್ಟಿ ಬಳಿ ವೀರಪ್ಪನ್‌ನನ್ನು ಕೊಂದುದರೊಂದಿಗೆ ಆ ಅಧ್ಯಾಯ ಮುಗಿಯಿತು. ರಾಜಕುಮಾರ್ ಅಪಹರಣದ ಮೊಕದ್ದಮೆಯಲ್ಲಿ ಬದುಕುಳಿದಿದ್ದ ಒಂಬತ್ತು ಆರೋಪಿಗಳನ್ನು ಗೋಬಿಚೆಟ್ಟಿಪಾಳ್ಯದ ನ್ಯಾಯಾಲಯ 2018ರ ಸೆಪ್ಟೆಂಬರಿನಲ್ಲಿ ಖುಲಾಸೆಗೊಳಿಸಿತು.

ಬೇರೊಂದು ಮಾದರಿಯೂ ಭಾರತದಲ್ಲಿ ರೂಪುಗೊಂಡಿದೆ. 2012ರ ಏಪ್ರಿಲ್ 21ರಂದು ಛತ್ತೀಸಗಢದ ಸುಕ್ಮಾ ಜಿಲ್ಲಾಧಿಕಾರಿ ಅಲೆಕ್ಸ್ ಪಾಲ್ ಮೆನನ್ ಅವರನ್ನು ಮಾವೋವಾದಿಗಳು ಅಪಹರಿಸಿದಾಗ, ಅವರ ಪರವಾಗಿ ಬಿ.ಡಿ. ಶರ್ಮಾ ಮತ್ತು ಪ್ರೊ. ಜಿ. ಹರಗೋಪಾಲ್, ಸರ್ಕಾರದ ಪರವಾಗಿ ನಿರ್ಮಲಾ ಬುಚ್ ಮತ್ತು ಎಸ್.ಕೆ. ಮಿಶ್ರಾ ಮಾತುಕತೆ ನಡೆಸಿದರು. ಸೆರೆಯಲ್ಲಿರುವವರ ಪ್ರಕರಣಗಳನ್ನು ಪರಿಶೀಲಿಸಲು ಸಮಿತಿಯೊಂದನ್ನು ರಚಿಸಲು ಒಪ್ಪಿಗೆಯಾಯಿತು. ಮೇ 3ರಂದು ಜಿಲ್ಲಾಧಿಕಾರಿ ಬಿಡುಗಡೆಯಾದರು. ಇಲ್ಲಿಯೂ ಅಪಹರಣಕಾರರು ನಂಬಿದವರೇ ಮಾತನಾಡಿದರು. ಆದರೆ ಎರಡೂ ಕಡೆಯವರ ಹೆಸರುಗಳು ಬಹಿರಂಗವಾಗಿದ್ದವು, ಮಾತುಕತೆಯ ಫಲ ಬರಹದಲ್ಲಿತ್ತು, ಕೊಟ್ಟದ್ದು ಕೈದಿಗಳನ್ನಲ್ಲ, ಕಾನೂನಿನ ಒಳಗಿನ ಮರುಪರಿಶೀಲನೆಯನ್ನು. ಈ ಮಾರ್ಗದಲ್ಲಿ ಸಂಶಯ ಪೂರ್ತಿ ಅಳಿಯದಿದ್ದರೂ ಅದರ ನೆರಳು ಚಿಕ್ಕದಾಗುತ್ತದೆ.

ಬೇಡಿಕೆಗಳು ಏನಾದವು

ಕಾಡಿನಿಂದ ಬಂದ ಆ ಹತ್ತು ಬೇಡಿಕೆಗಳ ಮುಂದಿನ ಕಥೆಯನ್ನು ಕೇಳುವವರು ವಿರಳ. ತಿರುವಳ್ಳುವರ್ ಪ್ರತಿಮೆ 2009ರ ಆಗಸ್ಟ್ 9ರಂದು ಬೆಂಗಳೂರಿನಲ್ಲಿ ಅನಾವರಣಗೊಂಡಿತು; ನಾಲ್ಕು ದಿನಗಳ ನಂತರ ಚೆನ್ನೈಯಲ್ಲಿ ಸರ್ವಜ್ಞನ ಪ್ರತಿಮೆ ತಲೆಯೆತ್ತಿತು. ಅದಕ್ಕೆ ಯಾರ ಕೊರಳಿಗೂ ಬಂದೂಕು ಹಿಡಿಯಬೇಕಾಗಲಿಲ್ಲ. ಇಬ್ಬರು ಮುಖ್ಯಮಂತ್ರಿಗಳು ಕೂತು ಮಾತನಾಡಿದರು. ಕಾವೇರಿ ವಿವಾದದಲ್ಲಿ ನ್ಯಾಯಾಧಿಕರಣ 2007ರಲ್ಲಿ ಅಂತಿಮ ಐತೀರ್ಪು ನೀಡಿತು, ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಅದನ್ನು ಪರಿಷ್ಕರಿಸಿತು. ಕಾರ್ಯಪಡೆಯ ದೌರ್ಜನ್ಯಗಳನ್ನು ಕುರಿತ ಸದಾಶಿವ ಸಮಿತಿಯ ವಿಚಾರಣೆಯ ಆಧಾರದ ಮೇಲೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2007ರಲ್ಲಿ 89 ಮಂದಿಗೆ ಪರಿಹಾರ ಶಿಫಾರಸು ಮಾಡಿತು. ಮೈಸೂರಿನ ಟಾಡಾ ಪ್ರಕರಣಗಳಲ್ಲಿ 2001ರಲ್ಲಿ ತೀರ್ಪು ಬಂದಾಗ ಬಹುಪಾಲು ಆರೋಪಿಗಳು ಖುಲಾಸೆಯಾದರು.

ಕೊನೆಯ ಸಂಗತಿ ನೆಮ್ಮದಿ ಕೆಡಿಸುವಂಥದು. ಖುಲಾಸೆಯಾದವರು ಹಲವು ವರ್ಷಗಳನ್ನು ಸೆರೆಯಲ್ಲಿ ಕಳೆದಿದ್ದರು. ಬಂದೂಕಿನ ಬೆದರಿಕೆಗೆ ಅವರನ್ನು ಬಿಡಲಾಗದೆಂದ ನ್ಯಾಯವ್ಯವಸ್ಥೆಯ ನಿಲುವು ಸರಿಯಾದುದೇ. ಆದರೆ ಅವರ ಅಳಲನ್ನು ನ್ಯಾಯವ್ಯವಸ್ಥೆ ಸಕಾಲದಲ್ಲಿ ಕೇಳಿದ್ದರೆ ವೀರಪ್ಪನ್‌ನ ಪಟ್ಟಿಗೆ ಆ ಬೇಡಿಕೆಯೇ ದೊರೆಯುತ್ತಿರಲಿಲ್ಲ. ಸರ್ಕಾರ ಆಲಿಸದೆ ಬಿಟ್ಟ ನ್ಯಾಯವಾದ ದೂರುಗಳೇ ಅಪಹರಣಕಾರನಿಗೆ ಮುಖವಾಡವಾಗುತ್ತವೆ. ಆ ಮುಖವಾಡವೇ ಅವನಿಗೆ ಮಧ್ಯಸ್ಥರನ್ನು ಗಳಿಸಿಕೊಡುತ್ತದೆ.

ಗಡಿನಾಡಿನ ವಿದ್ಯಾರ್ಥಿಗಳಿಗೆ ಈ ವಿಷಯದ ಅಧ್ಯಯನ ಮುಖ್ಯವಾಗುವುದು ಇಲ್ಲಿಯೇ. ಕರ್ನಾಟಕದಲ್ಲಿ ತಮಿಳಿಗೆ ಆಡಳಿತದಲ್ಲಿ ಸ್ಥಾನ ಬೇಕೆಂಬ ಬೇಡಿಕೆಗೂ, ಜತ್ತ ತಾಲೂಕಿನ ಕನ್ನಡಿಗರು ಕನ್ನಡ ಶಾಲೆ, ಕನ್ನಡದಲ್ಲಿ ಸರ್ಕಾರಿ ಪತ್ರವ್ಯವಹಾರ ಬೇಕೆಂದು ಕೇಳುವುದಕ್ಕೂ ಸ್ವರೂಪದಲ್ಲಿ ಭೇದವಿಲ್ಲ. ಎರಡೂ ಅಲ್ಪಸಂಖ್ಯಾತ ಭಾಷಿಕರ ಹಂಬಲಗಳು. ಸಂವಿಧಾನದ 347 ಮತ್ತು 350ನೆಯ ವಿಧಿಗಳು ಅಂಥ ಹಂಬಲಕ್ಕೆಂದೇ ದಾರಿ ತೆರೆದಿವೆ. 2000ದಲ್ಲಿ ತಮಿಳಿನ ಹೆಸರಿನಲ್ಲಿ ಒಬ್ಬ ಕನ್ನಡ ನಟನನ್ನು ಸೆರೆಹಿಡಿದಾಗ ತಮಿಳಿಗೆ ಲಾಭವಾಗಲಿಲ್ಲ. ಬೆಂಗಳೂರಿನ ತಮಿಳು ಕುಟುಂಬಗಳು ಮೂರೂವರೆ ತಿಂಗಳು ಭಯದಲ್ಲಿ ದಿನ ನೂಕಿದವು. ಯಾರ ಪರವಾಗಿ ಬೇಡಿಕೆ ಇಡಲಾಯಿತೋ ಅವರೇ ಕಾಣದ ಒತ್ತೆಯಾಳುಗಳಾದರು.

ಒತ್ತೆಯಾಳಿನ ಪ್ರಾಣ ಉಳಿಸಲು ಕೆಲವೊಮ್ಮೆ ಶಸ್ತ್ರಧಾರಿಗಳ ಮಿತ್ರರ ನೆರವನ್ನೂ ಪಡೆಯಬೇಕಾಗುತ್ತದೆ. ಅದನ್ನು ಸಾರಾಸಗಟಾಗಿ ತಪ್ಪೆನ್ನಲಾಗದು. ಆದರೆ ಆ ನೆರವು ಉಚಿತವಾಗಿ ದೊರೆಯುವುದಿಲ್ಲ. ಬೆಲೆ ಎಷ್ಟು, ಅದನ್ನು ಯಾರು ತೆರುತ್ತಾರೆ ಎಂದು ಕೇಳುವ ಹಕ್ಕು ಎಲ್ಲ ಪ್ರಜೆಗಳಿಗೂ ಇದೆ. 2000ದಲ್ಲಿ ಆ ಪ್ರಶ್ನೆಯನ್ನು ಕೇಳಿದವರು ಮಗನನ್ನು ಕಳೆದುಕೊಂಡ ಒಬ್ಬ ತಂದೆ. ಸಂಧಾನದ ಮೇಜಿನ ಮುಂದೆ ಅವರಿಗೆ ಆಸನವಿರಲಿಲ್ಲ. ಅವರ ಮಾತು ಕೇಳಿಸಿದ್ದು ನ್ಯಾಯಾಲಯದಲ್ಲಿ.